ಕಾರ್ಡು ಯಾವ ಪಾರ್ಟಿದು ಸರ್?

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕಿನ ಒಂದು ಹಳ್ಳಿ. ಅವ್ವನಿಗೆ 58 ವರ್ಷ. ಹೃದಯದ ವಾಲ್ವ್ ಬದಲಾಯಿಸಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ನಮ್ಮ ಹತ್ತಿರ ಬಿಪಿಎಲ್ ಕಾರ್ಡ್ ಇದೆ. ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಕಾರ್ಡಿನಲ್ಲಿ ಐದು ಲಕ್ಷ ಕೊಡೋದು ಮೋದಿ ಅಂತ ಕಾಕಾ ಅಂತಾರೆ. ಅದು ಸಿದ್ದರಾಮಯ್ಯ ತಂದ ಆರೋಗ್ಯ ಕರ್ನಾಟಕ ಅಂತ ಸೋದರಮಾವ ಅಂತಾರೆ. ಇಬ್ಬರೂ ಬೇರೆ ಬೇರೆ ಪಾರ್ಟಿ. ಊಟಕ್ಕೆ ಕೂತಾಗಲೂ ಇದೇ ಜಗಳ. ಯಾರದು ಸರಿ? ನಾಳೆ ಸರ್ಕಾರ ಬದಲಾದರೆ ಕಾರ್ಡ್ ನಿಲ್ಲುತ್ತಾ? ಆಸ್ಪತ್ರೆ ವಿಷಯದಲ್ಲೂ ಈ ಪಾರ್ಟಿಯವರು ಯಾಕೆ ಕಿತ್ತಾಡ್ತಾರೆ?

ಉತ್ತರ: ಮೊದಲು ಅವ್ವನ ಕೆಲಸ ನೋಡೋಣ. ಜಗಳ ಎಲ್ಲಿಗೂ ಓಡಿಹೋಗಲ್ಲ.

ನಿಮ್ಮ ರೇಷನ್ ಕಾರ್ಡ್, ಅವ್ವನ ಆಧಾರ್, ಇಲ್ಲಿವರೆಗೆ ಮಾಡಿಸಿದ ಎಕೋ, ಇಸಿಜಿ ರಿಪೋರ್ಟ್‌ಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡು ತಾಲೂಕು ಆಸ್ಪತ್ರೆಗೆ ಇಲ್ಲವೇ ರಾಯಚೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆ ಆಪರೇಷನ್ ಆಗುವುದಿಲ್ಲ ಎಂದಾದರೆ ರೆಫರಲ್ ಬರೆದು ಕೊಡುತ್ತಾರೆ. ಆ ಚೀಟಿ ಇಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ, ಎಮರ್ಜೆನ್ಸಿ ಬಿಟ್ಟು ಉಳಿದ ಚಿಕಿತ್ಸೆಗೆ ಕಾರ್ಡ್ ನಡೆಯುವುದು ಕಷ್ಟ. ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಅಂತ ಒಬ್ಬರು ಕೂತಿರುತ್ತಾರೆ. ದುಡ್ಡು ಕಟ್ಟುವ ಕೌಂಟರಿಗಿಂತ ಮೊದಲು ಅವರ ಮೇಜಿನ ಹತ್ತಿರ ಹೋಗಿ. ಹೃದಯದ ಕೇಸು ಆದ್ದರಿಂದ ಕಲಬುರಗಿಯ ಜಯದೇವ ಆಸ್ಪತ್ರೆಯನ್ನೂ ವಿಚಾರಿಸಿ. ಹೈದರಾಬಾದಿಗೆ ಹೋಗೋಣ ಅಂತ ನಮ್ಮ ಕಡೆ ತುಂಬಾ ಜನ ತಕ್ಷಣ ಬಸ್ ಹತ್ತಿಬಿಡುತ್ತಾರೆ. ಹತ್ತುವ ಮುಂಚೆ, ಅಲ್ಲಿ ನಿಮ್ಮ ಕಾರ್ಡ್ ನಡೆಯುತ್ತದಾ ಅಂತ ಕೇಳಿಕೊಳ್ಳಿ. 14555ಕ್ಕೆ ಇಲ್ಲವೇ 104ಕ್ಕೆ ಫೋನ್ ಮಾಡಿದರೂ ಆಯಿತು. ಇನ್ನೊಂದು ಮಾತು. ಮೊಬೈಲಿನಲ್ಲಿ ಮಾಡಿಸುವ 'ಆಭಾ' ನಂಬರ್ ಬರೀ ಗುರುತಿನ ನಂಬರ್. ಅದರಲ್ಲಿ ಐದು ಲಕ್ಷ ಇಲ್ಲ. ಅದನ್ನೇ ಆಯುಷ್ಮಾನ್ ಕಾರ್ಡ್ ಅಂದುಕೊಂಡು ಬರುವವರನ್ನು ದಿನಾ ನೋಡುತ್ತೇವೆ.

ಈಗ ಕಾಕಾ ಮತ್ತು ಮಾವನ ವಿಷಯ.

ಕಾರ್ಡನ್ನು ಇಬ್ಬರ ಮುಂದೆ ಇಟ್ಟು ಅದರ ಹೆಸರನ್ನೇ ಓದಿಸಿ. ಹೊಸ ಕಾರ್ಡಾಗಿದ್ದರೆ 'ಆಯುಷ್ಮಾನ್ ಭಾರತ್ ಪ್ರಧಾನ ಮಂತ್ರಿ ಜನ ಆರೋಗ್ಯ - ಮುಖ್ಯಮಂತ್ರಿ ಆರೋಗ್ಯ ಕರ್ನಾಟಕ' ಅಂತ ಇರುತ್ತದೆ. ಒಂದೇ ಉಸಿರಿಗೆ ಹೇಳಲು ಆಗದ ಹೆಸರು. ಪ್ರಧಾನಮಂತ್ರಿಯೂ ಇದ್ದಾರೆ, ಮುಖ್ಯಮಂತ್ರಿಯೂ ಇದ್ದಾರೆ. ಇಬ್ಬರ ಜಗಳ ಬಗೆಹರಿಸಲು ಇಟ್ಟ ಹೆಸರಿದು ಅಂತ ನೋಡಿದರೇ ಗೊತ್ತಾಗುತ್ತದೆ. ಆರೋಗ್ಯ ಕರ್ನಾಟಕ ಶುರುವಾದದ್ದು 2018ರ ಮಾರ್ಚ್‌ನಲ್ಲಿ, ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕೊನೆಯ ದಿನಗಳಲ್ಲಿ. ಕೇಂದ್ರದ ಆಯುಷ್ಮಾನ್ ಭಾರತ್ ಶುರುವಾದದ್ದು ಅದೇ ವರ್ಷ ಸೆಪ್ಟೆಂಬರ್ 23ರಂದು. ಅಕ್ಟೋಬರ್ ಕೊನೆಗೆ ಎರಡನ್ನೂ ಸೇರಿಸಿ ಒಂದು ಮಾಡಿದರು. ಆಗ ಮುಖ್ಯಮಂತ್ರಿ ಕುಮಾರಸ್ವಾಮಿ. ಹಾಗಾಗಿ ನಿಮ್ಮ ಮನೆಯಲ್ಲಿ ಮೂರನೇ ಪಾರ್ಟಿಯವರು ಒಬ್ಬರಿದ್ದರೆ ಅವರೂ ಪಾಲು ಕೇಳಬಹುದು!

ಆದರೆ ಈ ಕಥೆಯ ಬೇರು 2018ರಲ್ಲಿ ಇಲ್ಲ. ಅದು ನಮ್ಮ ಗಡಿಯ ಆಚೆ ಇದೆ. 2007ರ ಏಪ್ರಿಲ್‌ನಲ್ಲಿ, ಆಗಿನ್ನೂ ಒಡೆಯದ ಆಂಧ್ರದಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರ ಕಾಂಗ್ರೆಸ್ ಸರ್ಕಾರ 'ರಾಜೀವ್ ಆರೋಗ್ಯಶ್ರೀ' ತಂದಿತು. ಮೊದಲು ಮೂರು ಜಿಲ್ಲೆಯಲ್ಲಿ ಮಾತ್ರ. ಅವುಗಳಲ್ಲಿ ಒಂದು ಮಹಬೂಬ್‌ನಗರ, ಇನ್ನೊಂದು ಅನಂತಪುರ. ಆಗ ಒಂದು ರಾಯಚೂರಿಗೆ ಅಂಟಿಕೊಂಡಿತ್ತು, ಇನ್ನೊಂದು ಬಳ್ಳಾರಿಗೆ. ನಮ್ಮ ಎಷ್ಟೋ ಮನೆಗಳಿಗೆ ಆ ಕಡೆಯೇ ಬೀಗತನ. ಕೃಷ್ಣೆಯ ಆಚೆ ಇರುವ ಬೀಗರಿಗೆ ದುಡ್ಡಿಲ್ಲದೆ ಹಾರ್ಟ್ ಆಪರೇಷನ್ ಆಗುತ್ತಿತ್ತು, ಈಚೆ ಇರುವವರು ಎರಡೆಕರೆ ಮಾರಬೇಕಿತ್ತು.

2010ರಲ್ಲಿ ಯಡಿಯೂರಪ್ಪನವರ ಬಿಜೆಪಿ ಸರ್ಕಾರ 'ವಾಜಪೇಯಿ ಆರೋಗ್ಯಶ್ರೀ' ತಂದಿತು. ಹೆಸರು ನೋಡಿ. ರಾಜೀವ್ ಹೋಗಿ ವಾಜಪೇಯಿ ಬಂದರು, ಆರೋಗ್ಯಶ್ರೀ ಹಾಗೇ ಉಳಿಯಿತು. ಬಿಪಿಎಲ್ ಕುಟುಂಬ, ದೊಡ್ಡ ಕಾಯಿಲೆ, ಪಟ್ಟಿಯಲ್ಲಿರುವ ಆಸ್ಪತ್ರೆ, ಸರ್ಕಾರವೇ ಬಿಲ್ ಕಟ್ಟುವುದು: ಮೂಲ ಲೆಕ್ಕ ಅದೇ. ಅದನ್ನು ಬೆಂಗಳೂರಿನಿಂದ ಶುರು ಮಾಡಲಿಲ್ಲ. ಕಲಬುರಗಿ ವಿಭಾಗದಿಂದ, ಅಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ನಮ್ಮ ಜಿಲ್ಲೆಗಳಿಂದಲೇ ಶುರು ಮಾಡಿದರು. ಎಲ್ಲದಕ್ಕೂ ಕೊನೆಗೆ ನಿಲ್ಲುವ ನಮಗೆ ಒಮ್ಮೆ ಸಾಲಿನಲ್ಲಿ ಮೊದಲ ಜಾಗ ಸಿಕ್ಕಿತ್ತು ಅನ್ನಿ. ಆಸ್ಪತ್ರೆಯವರೇ ತಾಲೂಕಿಗೆ ಬಂದು ಶಿಬಿರ ಮಾಡಿ, ರೋಗಿಗಳನ್ನು ಹುಡುಕಿ ಕರೆದುಕೊಂಡು ಹೋಗುತ್ತಿದ್ದರು.

ಇದರಿಂದ ಉಪಯೋಗ ಆಯಿತಾ? ಆಯಿತು. ಇದು ನನ್ನ ಅಭಿಮಾನದ ಮಾತಲ್ಲ. ಯೋಜನೆ ಬಂದಿದ್ದ ಉತ್ತರದ ಹಳ್ಳಿಗಳನ್ನೂ ಇನ್ನೂ ಬಂದಿರದ ಪಕ್ಕದ ಹಳ್ಳಿಗಳನ್ನೂ ಹೋಲಿಸಿ ಒಂದು ಅಧ್ಯಯನ ಮಾಡಿದ್ದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಸಾಯುವವರ ಪ್ರಮಾಣ ಯೋಜನೆ ಇದ್ದ ಕಡೆಯ ಬಡ ಕುಟುಂಬಗಳಲ್ಲಿ 64 ಪರ್ಸೆಂಟ್ ಕಮ್ಮಿ ಇತ್ತು. ಇಂಥ ಯೋಜನೆಗಳ ಬಗ್ಗೆ ಇಷ್ಟು ದೊಡ್ಡ ಪರಿಣಾಮ ಸಿಗುವುದು ಅಪರೂಪ.

2013ಕ್ಕೆ ಕಾಂಗ್ರೆಸ್ ಬಂತು. ವಾಜಪೇಯಿ ಆರೋಗ್ಯಶ್ರೀಯನ್ನು ಕಿತ್ತು ಹಾಕಲಿಲ್ಲ. ಹೆಸರನ್ನೂ ಇಟ್ಟುಕೊಂಡರು. ಪಕ್ಕದಲ್ಲಿ ಎಪಿಎಲ್‌ನವರಿಗೆ 'ರಾಜೀವ್ ಆರೋಗ್ಯ ಭಾಗ್ಯ' ಅಂತ ಇನ್ನೊಂದು ಮಾಡಿದರು. 2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ ರಾಜೀವ್, ವಾಜಪೇಯಿ ಇಬ್ಬರೂ ಒಂದೇ ಯೋಜನೆಯೊಳಗೆ ಹೋದರು. ಅವತ್ತೂ ಇವತ್ತೂ ಬಿಲ್ ಪಾಸು ಮಾಡುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಮೇಲೆ ಬೋರ್ಡು ಬದಲಾಯಿತು, ಒಳಗಿನ ಕಚೇರಿ ಬದಲಾಗಲಿಲ್ಲ. ಇದನ್ನೇ ಕಾಕಾ ಮತ್ತು ಮಾವನಿಗೆ ಹೇಳಿ. ಇಬ್ಬರಿಗೂ ಬೇಜಾರಾಗುತ್ತದೆ.

ಹಾಗಾದರೆ ಜಗಳವೆಲ್ಲ ಸುಮ್ನೆನಾ? ಅಲ್ಲ. ಹೆಸರಿನ ಜಗಳದ ಕೆಳಗೆ ಎರಡು ಮೂರು ನಿಜವಾದ ಜಗಳ ಇವೆ.

ಒಂದು, ದುಡ್ಡಿನದು. ಸಂವಿಧಾನದಲ್ಲಿ ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ಎರಡೂ ರಾಜ್ಯದ ಪಟ್ಟಿಯಲ್ಲಿವೆ. ನಡೆಸುವ ಹೊಣೆ ರಾಜ್ಯದ್ದು. ಆದರೆ ದೊಡ್ಡ ಯೋಜನೆ ಘೋಷಿಸುವ ಶಕ್ತಿ ಕೇಂದ್ರಕ್ಕೆ ಜಾಸ್ತಿ. ಆಯುಷ್ಮಾನ್‌ನಲ್ಲಿ ಕೇಂದ್ರ 60, ರಾಜ್ಯ 40 ಎಂಬ ಲೆಕ್ಕ ಇದೆ. ಆದರೆ ಅದು 2011ರ ಸಾಮಾಜಿಕ-ಆರ್ಥಿಕ ಗಣತಿಯಲ್ಲಿ ಬಡವರು ಅಂತ ಬಂದ ಕುಟುಂಬಗಳಿಗೆ ಮಾತ್ರ. ಕರ್ನಾಟಕದಲ್ಲಿ ಅವು ಸುಮಾರು 62 ಲಕ್ಷ. ಯೋಜನೆ ಸೇರಿದ ಒಟ್ಟು ಕುಟುಂಬ ಸುಮಾರು 1 ಕೋಟಿ 15 ಲಕ್ಷ. ಉಳಿದವರ ಖರ್ಚು ಪೂರ್ತಿ ರಾಜ್ಯದ ಮೇಲೆ. ಅದರ ಜೊತೆ ಕೇಂದ್ರದ ಪಾಲಿಗೆ ಕುಟುಂಬಕ್ಕೆ ಇಷ್ಟು ಎಂಬ ಮಿತಿಯೂ ಇತ್ತು. ಆರಂಭದಲ್ಲಿ ವರ್ಷಕ್ಕೆ ಕುಟುಂಬಕ್ಕೆ 1,052 ರೂಪಾಯಿ ಅಂತ ಹಿಡಿದು, ಅದರ 60 ಪರ್ಸೆಂಟ್ ಕೇಂದ್ರದ್ದು. ಅಂದರೆ 630 ರೂಪಾಯಿ ಚಿಲ್ಲರೆ. ಆದ್ದರಿಂದ 'ದುಡ್ಡು ನಮ್ಮದು, ಫೋಟೋ ನಿಮ್ಮದು' ಅಂತ ರಾಜ್ಯದವರು ಹೇಳುವುದರಲ್ಲಿ ಅರ್ಥ ಇದೆ. ಈ ಮಟ್ಟಿಗೆ ನಿಮ್ಮ ಮಾವನ ಕಡೆ ವಾದ ಗಟ್ಟಿ. ಆದರೆ ಕಾಕಾ ಕೂಡ ಒಂದು ಕೇಳಬಹುದು: ಐದು ಲಕ್ಷದ ಮಾತು ದೇಶದ ಹಳ್ಳಿ ಹಳ್ಳಿಗೆ ಹೋಗಿದ್ದು ಯಾರಿಂದ? ಅದಕ್ಕೂ ಉತ್ತರ ಸುಲಭ ಇದೆ, ಕೇಂದ್ರದಿಂದಲೇ.

ಈ ಜಗಳ ನಮ್ಮಲ್ಲಷ್ಟೇ ಇಲ್ಲ. ಪಶ್ಚಿಮ ಬಂಗಾಳ ಆಯುಷ್ಮಾನ್‌ಗೆ ಸೇರಿಕೊಂಡು 2019ರ ಜನವರಿಯಲ್ಲಿ ಹೊರಗೆ ಬಂತು. ಒಡಿಶಾ, ದೆಹಲಿ ಬಿಜೆಪಿ ಕೈಗೆ ಬಂದ ಮೇಲೆ 2025ರಲ್ಲಿ ಸೇರಿದವು. ರೋಗಿಗಳು ಅವರೇ, ರೋಗವೂ ಅದೇ.

ಎರಡನೇ ಜಗಳ ಹಳೆಯದು: ಸರ್ಕಾರ ಖಾಸಗಿ ಆಸ್ಪತ್ರೆಗೆ ಬಿಲ್ ಕಟ್ಟಬೇಕಾ, ಇಲ್ಲ ಆ ದುಡ್ಡಲ್ಲಿ ತನ್ನ ಆಸ್ಪತ್ರೆ ಕಟ್ಟಬೇಕಾ? ಪುಸ್ತಕದಲ್ಲಿ ಓದಿದರೆ ಬಿಜೆಪಿ ಖಾಸಗಿ ಪರ, ಕಾಂಗ್ರೆಸ್ ಸರ್ಕಾರಿ ಪರ ಅನ್ನಿಸುತ್ತದೆ. ರಾಯಚೂರಿನಲ್ಲಿ ನಿಂತು ನೋಡಿದರೆ ಆ ಗೆರೆ ಅಳಿಸಿಹೋಗುತ್ತದೆ. ಇಲ್ಲಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಗೊತ್ತಲ್ವಾ, ನಾವೆಲ್ಲ ಒಪೆಕ್ ಆಸ್ಪತ್ರೆ ಅನ್ನೋದು? ತೈಲ ದೇಶಗಳ ಒಕ್ಕೂಟವಾದ ಒಪೆಕ್‌ನ ನಿಧಿಯ ನೆರವಿನಲ್ಲಿ ಸರ್ಕಾರ ಕಟ್ಟಿಸಿದ್ದು. ನಡೆಸಲು ಖಾಸಗಿ ಅಪೋಲೊಗೆ ಕೊಟ್ಟದ್ದು ಎಸ್.ಎಂ. ಕೃಷ್ಣ ಅವರ ಕಾಲದಲ್ಲಿ, ಅಂದರೆ ಕಾಂಗ್ರೆಸ್ ಸರ್ಕಾರ. ಒಂದಷ್ಟು ಹಾಸಿಗೆ ಬಿಪಿಎಲ್‌ನವರಿಗೆ ಅಂತ ಷರತ್ತು ಇತ್ತು. ಒಪ್ಪಂದ ಮುಗಿದ ಮೇಲೆ ಆಸ್ಪತ್ರೆ ಮತ್ತೆ ಸರ್ಕಾರದ ಕೈಗೆ ಬಂತು. ಈ ಕಡೆ ನೋಡಿ: ಊರಿನ ಬಡಾವಣೆಗಳಲ್ಲಿ ಪುಕ್ಕಟೆ ನೋಡುವ 'ನಮ್ಮ ಕ್ಲಿನಿಕ್' ಇದೆಯಲ್ಲ, ಅಪ್ಪಟ ಸರ್ಕಾರಿ ಕ್ಲಿನಿಕ್, ಅದನ್ನು 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು ಬೊಮ್ಮಾಯಿಯವರ ಬಿಜೆಪಿ ಸರ್ಕಾರ. 108 ಆಂಬುಲೆನ್ಸ್ 2008ರಲ್ಲಿ ಬಂದದ್ದೂ ಯಡಿಯೂರಪ್ಪನವರ ಕಾಲದಲ್ಲೇ. ಪಾರ್ಟಿಯ ತತ್ವ ನೋಡಿ ಆಸ್ಪತ್ರೆಯ ನೀತಿ ಊಹಿಸಿದರೆ ನಮ್ಮ ರಾಜ್ಯದಲ್ಲಿ ಲೆಕ್ಕ ತಪ್ಪುತ್ತದೆ.

ತತ್ವದ ಜಗಳ ಒಂದೇ ಸಲ ಮುಖಾಮುಖಿ ಆಯಿತು ಅನ್ನಬಹುದು. 2017. ಆಗಿನ ಕಾಂಗ್ರೆಸ್ ಸರ್ಕಾರದ ಆರೋಗ್ಯ ಸಚಿವ ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ, ಅಂದರೆ ಕೆಪಿಎಂಇ ಕಾಯ್ದೆಗೆ, ತಿದ್ದುಪಡಿ ತಂದರು. ಚಿಕಿತ್ಸೆಗೆ ಸರ್ಕಾರವೇ ದರ ನಿಗದಿ ಮಾಡಬೇಕು, ರೋಗಿಯ ಹಕ್ಕುಗಳ ಪಟ್ಟಿ ಇರಬೇಕು, ತಪ್ಪಿದರೆ ಜೈಲು. ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಒಪಿಡಿ ಬಂದ್ ಮಾಡಿದರು. ಬೆಳಗಾವಿ ಅಧಿವೇಶನದ ಹೊರಗೆ ಧರಣಿ ಕೂತರು. ವಿರೋಧ ಪಕ್ಷ ವೈದ್ಯರ ಕಡೆ ನಿಂತಿತು. ಆಡಳಿತ ಪಕ್ಷದ ಒಳಗೂ ಗೊಣಗಾಟ ಇತ್ತು. ಕೊನೆಗೆ ಕಾಯ್ದೆ ಪಾಸಾಯಿತು, ಆದರೆ ಹಲ್ಲು ಕಿತ್ತಿದ್ದರು. ಸರ್ಕಾರದ ದರ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಅಂತ ಉಳಿಯಿತು. ನಮ್ಮ ರಾಜ್ಯದಲ್ಲಿ ಎಷ್ಟು ಮೆಡಿಕಲ್ ಕಾಲೇಜುಗಳು ಯಾವ ಯಾವ ನಾಯಕರ ಮನೆತನದ ಕೈಯಲ್ಲಿವೆ ಅಂತ ಒಮ್ಮೆ ಲೆಕ್ಕ ಹಾಕಿ. ಎಲ್ಲಾ ಪಾರ್ಟಿಯವರೂ ಸಿಗುತ್ತಾರೆ. ನಿಜವಾದ ಸುಧಾರಣೆಗೆ ಕೈ ಹಾಕಿದಾಗ ಪಾರ್ಟಿಗಳ ಜಗಳ ಯಾಕೆ ಅಷ್ಟು ಬೇಗ ರಾಜಿಯಾಗುತ್ತದೆ ಅಂತ ಆಗ ಅರ್ಥವಾಗುತ್ತದೆ.

ಮೂರನೆಯದು ಹೊಣೆಯ ಜಗಳ. ಇದಕ್ಕೆ ಬಳ್ಳಾರಿಗಿಂತ ಒಳ್ಳೆಯ ಉದಾಹರಣೆ ಬೇಡ.

2022ರ ಸೆಪ್ಟೆಂಬರ್. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ವಿಮ್ಸ್‌ನಲ್ಲಿ ಕರೆಂಟ್ ಹೋಯಿತು. ಐಸಿಯುನಲ್ಲಿದ್ದ ರೋಗಿಗಳು ತೀರಿಕೊಂಡರು. ಆಗ ಬಿಜೆಪಿ ಸರ್ಕಾರ. ವಿಧಾನಸಭೆಯಲ್ಲಿ ಸಿದ್ದರಾಮಯ್ಯ ಎದ್ದು ನಿಂತು ಸರ್ಕಾರವೇ ಹೊಣೆ ಅಂದರು. ರೋಗವೇ ತೀವ್ರವಾಗಿತ್ತು, ಕರೆಂಟ್ ಕಾರಣ ಅಲ್ಲ ಅಂತ ಸರ್ಕಾರ ಹೇಳಿತು. ತನಿಖಾ ಸಮಿತಿ ಆಯಿತು.

2024ರ ನವೆಂಬರ್. ಅದೇ ಬಳ್ಳಾರಿ, ಈ ಸಲ ಜಿಲ್ಲಾಸ್ಪತ್ರೆ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಐದು ಜನ. ಹಾಕಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಮೇಲೆ ಅನುಮಾನ ಬಂತು. ಈಗ ಕಾಂಗ್ರೆಸ್ ಸರ್ಕಾರ. ಬಿಜೆಪಿಯವರು ಬೀದಿಗಿಳಿದು ಸಚಿವರ ರಾಜೀನಾಮೆ ಕೇಳಿದರು. ಸರ್ಕಾರ ಔಷಧ ನಿಯಂತ್ರಕರನ್ನು ಸಸ್ಪೆಂಡ್ ಮಾಡಿತು. ನಮ್ಮ ಲ್ಯಾಬ್‌ನಲ್ಲಿ ಫೇಲಾದ ಬ್ಯಾಚ್‌ಗಳನ್ನು ಕೇಂದ್ರದ ಲ್ಯಾಬ್ ಪಾಸು ಮಾಡಿತ್ತು ಅಂತಲೂ ಹೇಳಿತು.

ಪಾತ್ರಗಳು ಅದಲು ಬದಲು. ಮಾತು ಮಾತ್ರ ಅವೇ.

ಆ ಡ್ರಿಪ್ ಬಾಟಲಿ ಬಂದ ದಾರಿಯನ್ನು ಸ್ವಲ್ಪ ಹಿಡಿದು ನೋಡಿ. ಔಷಧದ ಕಾಯ್ದೆ ಕೇಂದ್ರದ್ದು, 1940ರದ್ದು. ಕಾರ್ಖಾನೆ ಇನ್ನೊಂದು ರಾಜ್ಯದಲ್ಲಿ. ಲೈಸೆನ್ಸ್ ಕೊಡುವುದು ಆ ರಾಜ್ಯದವರು, ಆದರೆ ಡ್ರಿಪ್‌ನಂಥ ಔಷಧಕ್ಕೆ ಕೇಂದ್ರದ ಒಪ್ಪಿಗೆಯೂ ಬೇಕು. ಟೆಂಡರ್ ಕರೆದು ಕೊಳ್ಳುವುದು ನಮ್ಮ ರಾಜ್ಯದ ವೈದ್ಯಕೀಯ ಸರಬರಾಜು ನಿಗಮ. ಸ್ಯಾಂಪಲ್ ಪರೀಕ್ಷೆ ನಮ್ಮ ಲ್ಯಾಬ್‌ನಲ್ಲಿ. ಅದು ಫೇಲ್ ಅಂದರೆ ಕಂಪನಿ ಕೋಲ್ಕತ್ತದ ಕೇಂದ್ರ ಲ್ಯಾಬ್‌ಗೆ ಕಳಿಸಿ ಅಂತ ಕೇಳಬಹುದು. ಅಲ್ಲಿ ಬರುವ ವರದಿಯೇ ಕೊನೆಯ ಮಾತು. ಕೊನೆಗೆ ಡ್ರಿಪ್ ಹಾಕುವುದು ರಾತ್ರಿ ಪಾಳಿಯ ನರ್ಸ್. ಆಕೆಗೆ ಬಾಟಲಿ ಮೇಲಿನ ಎಕ್ಸ್‌ಪೈರಿ ಡೇಟ್ ಬಿಟ್ಟು ಇನ್ನೇನೂ ಕಾಣಿಸುವುದಿಲ್ಲ. ಈ ದಾರಿಯಲ್ಲಿ ಎಲ್ಲಿ ತಪ್ಪಾದರೂ ತೋರಿಸಲು ಇನ್ನೊಂದು ಬಾಗಿಲು ಇದ್ದೇ ಇದೆ. ರಾಜ್ಯದಲ್ಲೊಂದು ಪಾರ್ಟಿ, ದಿಲ್ಲಿಯಲ್ಲೊಂದು ಪಾರ್ಟಿ ಇದ್ದರೆ ಬಾಗಿಲು ತೋರಿಸುವ ಕೆಲಸ ಇನ್ನೂ ಸಲೀಸು. ಕಾಕಾ-ಮಾವನ ಜಗಳದಲ್ಲಿ ನನಗೆ ಸಿಟ್ಟು ಬರುವ ಜಾಗ ಇದೇ. ಹೆಸರು ಬೇಕಾದಾಗ ಇಬ್ಬರೂ ಬರುತ್ತಾರೆ. ಹೊಣೆ ಹೊರಬೇಕಾದಾಗ ಅದು ಇನ್ನೊಬ್ಬರದು.

ಇಷ್ಟೆಲ್ಲ ಜಗಳದ ನಡುವೆ ಇಬ್ಬರೂ ಎತ್ತದ ವಿಷಯವೂ ಇದೆ. ನಿಮ್ಮ ಕಾರ್ಡ್ ಇರುವುದು ಆಸ್ಪತ್ರೆಗೆ ಅಡ್ಮಿಟ್ ಆದವರಿಗೆ. ಅವ್ವನಿಗೆ ವಾಲ್ವ್ ಹಾಕುವುದು ಕಾರ್ಡಿನಲ್ಲಿ ಆಗುತ್ತದೆ. ಆದರೆ ಆಮೇಲೆ ಎಷ್ಟೋ ಜನ ವಾಲ್ವ್ ರೋಗಿಗಳು ರಕ್ತ ತೆಳುವಾಗಿಸುವ ಮಾತ್ರೆಯನ್ನು ವರ್ಷಗಟ್ಟಲೆ ತಗೊಳ್ಳಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಆ ಮಾತ್ರೆ, ಪರೀಕ್ಷೆ, ಬಸ್ ಚಾರ್ಜು, ಜೊತೆಗೆ ಹೋದವರ ಒಂದು ದಿನದ ಕೂಲಿ, ಇದೆಲ್ಲ ನಿಮ್ಮ ಜೇಬಿನಿಂದಲೇ. ಬಿಪಿ, ಶುಗರ್ ಇರುವವರ ಮನೆಯಲ್ಲೂ ಇದೇ ಕಥೆ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಖರ್ಚಿನಲ್ಲಿ ಜನ ಕೈಯಿಂದ ಹಾಕುವ ಪಾಲು 2013-14ರಲ್ಲಿ 64 ಪರ್ಸೆಂಟ್ ಇತ್ತು. 2021-22ಕ್ಕೆ 39ರ ಹತ್ತಿರ ಬಂತು. ಇಳಿದಿದೆ, ಒಪ್ಪಲೇಬೇಕು. ಆದರೆ ಉಳಿದ ಭಾಗದಲ್ಲಿ ಔಷಧಿಯದೇ ದೊಡ್ಡ ಪಾಲು.

ಔಷಧಿ ಮೇಲೂ ಜಗಳ ಆಯಿತು ಅನ್ನಿ. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಕೇಂದ್ರಗಳನ್ನು, ಅಂದರೆ ಪ್ರಧಾನಮಂತ್ರಿ ಹೆಸರಿನ ಅಗ್ಗದ ಔಷಧಿ ಅಂಗಡಿಗಳನ್ನು, ಮುಚ್ಚಲು ರಾಜ್ಯ ಸರ್ಕಾರ ಹೊರಟಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಪುಕ್ಕಟೆಯೇ ಸಿಗಬೇಕು, ಅಲ್ಲಿ ಅಂಗಡಿ ಯಾಕೆ ಅನ್ನುವುದು ಸರ್ಕಾರದ ವಾದ. ಪ್ರಧಾನಿ ಹೆಸರಿಗೆ ಹೊಟ್ಟೆಕಿಚ್ಚು ಅನ್ನುವುದು ಬಿಜೆಪಿ ವಾದ. ವಿಷಯ ಹೈಕೋರ್ಟಿಗೆ ಹೋಯಿತು. ನನ್ನ ಪ್ರಕಾರ ಸರ್ಕಾರದ ವಾದ ತತ್ವದಲ್ಲಿ ಸರಿ, ಹೆಜ್ಜೆಯಲ್ಲಿ ತಪ್ಪು. ಪುಕ್ಕಟೆ ಔಷಧಿ ಪೂರ್ತಿ ಸಿಗುವಂತೆ ಮೊದಲು ಮಾಡಿ, ಅಂಗಡಿ ತಾನೇ ಮುಚ್ಚುತ್ತದೆ.

ಬಜೆಟ್ ಬಗ್ಗೆ ಒಂದೇ ಮಾತು. ರಾಜ್ಯಗಳು ಬಜೆಟ್ಟಿನ 8 ಪರ್ಸೆಂಟಿಗಿಂತ ಜಾಸ್ತಿ ಆರೋಗ್ಯಕ್ಕೆ ಇಡಬೇಕು ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಕೇಂದ್ರ, ರಾಜ್ಯ ಸೇರಿ ಜಿಡಿಪಿಯ ಎರಡೂವರೆ ಪರ್ಸೆಂಟ್ ಆಗಬೇಕು ಅಂತಲೂ ಇತ್ತು. ನಮ್ಮ ರಾಜ್ಯ ಬಜೆಟ್ಟಿನ ನಾಲ್ಕೈದು ಪರ್ಸೆಂಟಿನ ಆಸುಪಾಸಿನಲ್ಲೇ ಇದೆ. ದೇಶ 2021-22ರಲ್ಲಿ ಜಿಡಿಪಿಯ 1.84 ಪರ್ಸೆಂಟಿನಲ್ಲಿ ನಿಂತಿತ್ತು. ಇದರಲ್ಲಿ ಮಾತ್ರ ಪಾರ್ಟಿಗಳ ನಡುವೆ ಭಿನ್ನಾಭಿಪ್ರಾಯ ಇಲ್ಲ.

ಇನ್ನು, ಸರ್ಕಾರ ಬದಲಾದರೆ ಕಾರ್ಡ್ ನಿಲ್ಲುತ್ತಾ ಅಂತ ಕೇಳಿದ್ದೀರಿ. ಪೂರ್ತಿ ನಿಲ್ಲುವುದು ಅನುಮಾನ. ಹದಿನೈದು ವರ್ಷದ ಚರಿತ್ರೆ ಹಾಗಿದೆ. ಆದರೆ ಬದಲಾವಣೆ ಹೊತ್ತಲ್ಲಿ ಗೊಂದಲ ಖಂಡಿತ. ಸಹಕಾರ ಸಂಘದ ರೈತರಿಗೆ ಇದ್ದ ಯಶಸ್ವಿನಿಯನ್ನು ನೋಡಿ. 2003ರಿಂದ ನಡೆಯುತ್ತಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕಕ್ಕೆ ಸೇರಿಸುತ್ತೇವೆ ಅಂತ ನಿಲ್ಲಿಸಿದರು. ರೈತರು ಕೇಳುತ್ತಲೇ ಇದ್ದರು. 2022ರ ಬಜೆಟ್‌ನಲ್ಲಿ ಮತ್ತೆ ಘೋಷಿಸಿ 2023ರ ಜನವರಿಯಿಂದ ಶುರು ಮಾಡಿದರು. ನಡುವೆ ನಾಲ್ಕು ವರ್ಷ ಹೋಯಿತು.

ಆಯುಷ್ಮಾನ್ ಕಾರ್ಡಿಗಿಂತ ನಿಮ್ಮ ರೇಷನ್ ಕಾರ್ಡಿನ ಮೇಲೆ ಜಾಸ್ತಿ ಕಣ್ಣಿಡಿ. 2024ರ ನವೆಂಬರ್‌ನಲ್ಲಿ ಅನರ್ಹರ ಬಿಪಿಎಲ್ ಕಾರ್ಡ್ ರದ್ದು ಮಾಡಲು ಹೋಗಿ ಗದ್ದಲ ಆಯಿತು ನೆನಪಿದೆಯಾ? ಆಮೇಲೆ ಸರ್ಕಾರ ಹಿಂದೆ ಸರಿಯಿತು. ಎಲ್ಲರೂ ಅಕ್ಕಿ ಬಗ್ಗೆ ಮಾತಾಡಿದರು. ಆದರೆ ಬಿಪಿಎಲ್ ಹೋಗಿ ಎಪಿಎಲ್ ಆದರೆ ಆಸ್ಪತ್ರೆಯಲ್ಲೂ ಲೆಕ್ಕ ಬದಲಾಗುತ್ತದೆ. ಐದು ಲಕ್ಷದ ಜಾಗದಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಅದೂ ಪ್ಯಾಕೇಜ್ ದರದ 30 ಪರ್ಸೆಂಟ್ ಮಾತ್ರ ಸರ್ಕಾರ ಕೊಡುತ್ತದೆ. ಉಳಿದ 70 ನೀವು ಕಟ್ಟಬೇಕು. ಆಧಾರ್ ಜೋಡಣೆ, ಇ-ಕೆವೈಸಿ, ಅವ್ವನ ಹೆಸರಿನ ಅಕ್ಷರ ಎರಡೂ ಕಡೆ ಒಂದೇ ಇದೆಯಾ, ಈ ವಾರವೇ ನೋಡಿಸಿ.

ಓಟು ಯಾರಿಗೆ ಅಂತ ನೀವು ಕೇಳಿಲ್ಲ, ನಾನೂ ಹೇಳಲ್ಲ. ಆದರೆ ಮನೆ ಬಾಗಿಲಿಗೆ ಅಭ್ಯರ್ಥಿ ಬಂದಾಗ ಕಾರ್ಡು ಯಾರು ಕೊಟ್ಟರು ಅಂತ ಕೇಳಬೇಡಿ. ಅವರಿಗೆ ಅದರ ಉತ್ತರ ಬಾಯಿಪಾಠ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ಎಲ್ಲಾ ಪಾರ್ಟಿಯವರೂ ಟೆಂಟಿಗೆ ಬಂದು ಬೆಂಬಲ ಅಂದು ಹೋದರು. ಏಮ್ಸ್ ಬಂದರೆ ಒಳ್ಳೆಯದೇ. ಆದರೆ ಸಿಂಧನೂರು ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ಎಷ್ಟು ಜನ ಇದ್ದಾರೆ, ಅವರು ರಜೆ ಹಾಕಿದ ದಿನ ಸಿಸೇರಿಯನ್ ಯಾರು ಮಾಡುತ್ತಾರೆ, ಬಿಪಿ ಮಾತ್ರೆ ಹೋದ ತಿಂಗಳು ಎಷ್ಟು ದಿನ ಖಾಲಿ ಇತ್ತು, ಇಷ್ಟು ಕೇಳಿ. ಕಾಕಾ ತಮ್ಮ ಪಾರ್ಟಿಯವರನ್ನು ಕೇಳಲಿ, ಮಾವ ತಮ್ಮ ಪಾರ್ಟಿಯವರನ್ನು ಕೇಳಲಿ.